ಆವೃತ್ತಿ ಭಂಡಾರದ ಅನಾಥ ಕಡತಗಳು: ಸುರಕ್ಷಿತ ವಿಲೇವಾರಿಯ ಕ್ರಮ

ವರ್ಷಾಂತ್ಯದ ದಾಸ್ತಾನು ಪರಿಶೀಲನೆಯ ಸಮಯದಲ್ಲಿ ಗೋದಾಮುಗಳಲ್ಲಿ ಮೂರು ಬಗೆಯ ಬೇಡದ ಸರಕುಗಳು ಕಣ್ಣಿಗೆ ಬೀಳುತ್ತವೆ. ಕೆಲವು ಸರಕುಗಳು ನೆಲದ ಮೇಲಿರುತ್ತವೆ, ಆದರೆ ದಾಸ್ತಾನು ಪುಸ್ತಕದಲ್ಲಿ ಅವುಗಳ ನಮೂದು ಇರುವುದಿಲ್ಲ. ಕೆಲವು ಪುಸ್ತಕದಲ್ಲಿ ಕ್ರಮಬದ್ಧವಾಗಿ ನಮೂದಾಗಿರುತ್ತವೆ, ಆದರೆ ಹಲವು ವರ್ಷಗಳಿಂದ ಅವುಗಳಿಗೆ ಬೇಡಿಕೆ ಬಂದಿರುವುದಿಲ್ಲ. ಇನ್ನು ಕೆಲವನ್ನು ಪುಸ್ತಕದಿಂದ ಹೊಡೆದುಹಾಕಿ ಆಗಿರುತ್ತದೆ, ಆದರೂ ಅವು ಮೂಲೆಯಲ್ಲಿ ಬಿದ್ದುಕೊಂಡೇ ಇರುತ್ತವೆ. ಅನುಭವಸ್ಥ ವರ್ತಕರು ಈ ಮೂರನ್ನೂ ಒಂದೇ ಗಾಡಿಗೆ ಹೇರಿ ಗುಜರಿಗೆ ಕಳುಹಿಸುವುದಿಲ್ಲ. ಮೊದಲನೆಯದು ಯಾರ ಮಾಲು ಎಂದು ವಿಚಾರಿಸುತ್ತಾರೆ, ಎರಡನೆಯದನ್ನು ಯಾರಾದರೂ ಕೇಳಬಹುದೇ ಎಂದು ಯೋಚಿಸುತ್ತಾರೆ, ಮೂರನೆಯದನ್ನು ಸಮಯ ನೋಡಿ ಸಾಗಿಸುತ್ತಾರೆ.

ಗೋದಾಮಿನಲ್ಲಿ ಕಾಣುವ ಈ ವಿವೇಚನೆ ಕಂಪ್ಯೂಟರಿನ ಮುಂದೆ ಕುಳಿತಾಗ ಅನೇಕ ವೇಳೆ ಮರೆತುಹೋಗುತ್ತದೆ. ಇಂದು ಸಣ್ಣ ಕೈಗಾರಿಕೆಗಳಲ್ಲಿಯೂ ಸಿಎನ್‌ಸಿ ಯಂತ್ರಗಳ ಪ್ರೋಗ್ರಾಂಗಳು, ಪಿಎಲ್‌ಸಿ ಆದೇಶಗಳು, ಬಿಡಿಭಾಗಗಳ ನಕಾಶೆಗಳು, ಲೇಬಲ್ಲು ಮತ್ತು ಪೆಟ್ಟಿಗೆಗಳ ವಿನ್ಯಾಸಗಳು, ಬಿಲ್ಲಿಂಗ್ ತಂತ್ರಾಂಶಕ್ಕೆ ಮಾಡಿಸಿಕೊಂಡ ಮಾರ್ಪಾಡುಗಳು ಕಂಪ್ಯೂಟರಿನಲ್ಲಿಯೇ ಇರುತ್ತವೆ. ಇವುಗಳ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿಡುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣ ಎಂದೂ, ಆ ದಾಖಲೆಗಳ ಸಂಗ್ರಹಕ್ಕೆ ಆವೃತ್ತಿ ಭಂಡಾರ ಅಥವಾ ರೆಪಾಸಿಟರಿ ಎಂದೂ ಹೆಸರು. ನಾಲ್ಕಾರು ವರ್ಷ ಕಳೆದಂತೆ ಭಂಡಾರದಲ್ಲಿ ಯಾರಿಗೂ ಸೇರದಂತೆ ತೋರುವ ಕಡತಗಳು ತುಂಬಿಕೊಳ್ಳುತ್ತವೆ. ಇವುಗಳನ್ನು ಅನಾಥ ಕಡತಗಳೆಂದು ಕರೆಯುವುದು ವಾಡಿಕೆ.

ಇವುಗಳನ್ನು ತೆಗೆದುಹಾಕುವುದು ಅವಶ್ಯಕ. ಆದರೆ ತಪ್ಪು ಕ್ರಮದಲ್ಲಿ ತೆಗೆದರೆ ಮೂರು ವರ್ಷಕ್ಕೊಮ್ಮೆ ಬೇಡಿಕೆ ಬರುವ ಒಂದು ಬಿಡಿಭಾಗದ ಏಕೈಕ ಪ್ರೋಗ್ರಾಂ ಶಾಶ್ವತವಾಗಿ ಕಳೆದುಹೋಗಬಹುದು. ಸದಸ್ಯ ಉದ್ದಿಮೆದಾರರು ತಾವೇ ಕಂಪ್ಯೂಟರಿಗೆ ಆದೇಶ ನೀಡದಿದ್ದರೂ, ತಮ್ಮ ಸಿಬ್ಬಂದಿಗೆ ಅಥವಾ ಹೊರಗಿನ ತಂತ್ರಜ್ಞರಿಗೆ ಸರಿಯಾದ ಪ್ರಶ್ನೆಗಳನ್ನು ಕೇಳುವಷ್ಟು ತಿಳಿವಳಿಕೆಯನ್ನು ಒದಗಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಆವೃತ್ತಿ ಭಂಡಾರದ ಸ್ವರೂಪ

ಆವೃತ್ತಿ ನಿಯಂತ್ರಣದ ಕಲ್ಪನೆ ಹೊಸದಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಸ್ಥೆಯಲ್ಲಿ 1972ರಲ್ಲಿಯೇ ಇಂತಹ ಒಂದು ತಂತ್ರಾಂಶ ರೂಪುಗೊಂಡಿತ್ತು. ಸಬ್‌ವರ್ಷನ್ ಎಂಬ ತಂತ್ರಾಂಶದ ಕೆಲಸ 2000ದಲ್ಲಿ ಆರಂಭವಾಯಿತು. ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ಕರ್ನಲ್ಲಿನ ಅಭಿವೃದ್ಧಿಗಾಗಿ 2005ರ ಏಪ್ರಿಲ್ ತಿಂಗಳಿನಲ್ಲಿ ಗಿಟ್ ಎಂಬ ತಂತ್ರಾಂಶವನ್ನು ರಚಿಸಿದರು. ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು ಗಿಟ್ ಆಗಿರುವುದರಿಂದ ಈ ಲೇಖನದಲ್ಲಿ ಮುಖ್ಯವಾಗಿ ಅದನ್ನೇ ಆಧರಿಸಿ ವಿವರಿಸಲಾಗಿದೆ.

ಗಿಟ್ ವ್ಯವಸ್ಥೆಯಲ್ಲಿ ಎರಡು ಭಾಗಗಳಿವೆ. ಒಂದು, ಕಣ್ಣಿಗೆ ಕಾಣುವ ಫೋಲ್ಡರ್. ಇಲ್ಲಿ ಸಿಬ್ಬಂದಿ ದಿನನಿತ್ಯದ ಕೆಲಸ ಮಾಡುತ್ತಾರೆ. ಇನ್ನೊಂದು, ಅದರೊಳಗೆ ಮರೆಯಾಗಿರುವ ಭಂಡಾರ. ಇಲ್ಲಿ ಹಳೆಯ ಆವೃತ್ತಿಗಳೆಲ್ಲ ಇರುತ್ತವೆ. ಫೋಲ್ಡರಿನಲ್ಲಿ ಮಾಡಿದ ಬದಲಾವಣೆಯನ್ನು ಭಂಡಾರಕ್ಕೆ ಸೇರಿಸುವ ಕ್ರಿಯೆಗೆ ಕಮಿಟ್ ಎನ್ನುತ್ತಾರೆ. ಇದು ರೋಜುಪುಸ್ತಕದಲ್ಲಿ ಒಂದು ನಮೂದು ಬರೆದಂತೆ. ಯಾರು, ಯಾವಾಗ, ಏತಕ್ಕಾಗಿ ಬದಲಾಯಿಸಿದರು ಎಂಬ ವಿವರ ಅದರಲ್ಲಿರುತ್ತದೆ. ಪ್ರತಿಯೊಂದು ಕಮಿಟ್ ತನ್ನ ಹಿಂದಿನ ಕಮಿಟ್ಟನ್ನು ಸೂಚಿಸುತ್ತದೆ. ಈ ಸರಪಳಿಯ ಕೊನೆಯ ಕೊಂಡಿಯನ್ನು ಹಿಡಿದಿರುವ ಹೆಸರಿಗೆ ಬ್ರಾಂಚ್ ಅಥವಾ ಶಾಖೆ ಎಂದು ಹೆಸರು.

ಒಂದು ಕಡತವು ಭಂಡಾರದಲ್ಲಿ ಉಳಿಯಬೇಕಾದರೆ ಅದು ಯಾವುದಾದರೂ ಕಮಿಟ್ಟಿನಲ್ಲಿ ಇರಬೇಕು. ಆ ಕಮಿಟ್ ಯಾವುದಾದರೂ ಶಾಖೆಯಿಂದ ಅಥವಾ ಗುರುತಿನ ಹೆಸರಿನಿಂದ ತಲುಪುವಂತಿರಬೇಕು. ಈ ಒಂದು ನಿಯಮವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ.

ಅನಾಥ ಕಡತಗಳ ಮೂರು ಬಗೆ

ಗೋದಾಮಿನ ಸರಕುಗಳಂತೆಯೇ ಅನಾಥ ಕಡತಗಳಲ್ಲಿಯೂ ಮೂರು ಬಗೆಗಳಿವೆ.

1. ನಮೂದಾಗದ ಕಡತಗಳು: ಇವು ಫೋಲ್ಡರಿನಲ್ಲಿವೆ, ಆದರೆ ಎಂದಿಗೂ ಕಮಿಟ್ ಆಗಿಲ್ಲ. ಬೇಡದ ನಕಲುಗಳು, ತಾತ್ಕಾಲಿಕ ಕಡತಗಳು ಇಲ್ಲಿರುವಂತೆಯೇ ನಮೂದಿಸಲು ಮರೆತ ಮುಖ್ಯ ಕಡತಗಳೂ ಇಲ್ಲಿರಬಹುದು. ನಮೂದಿಸಬಾರದೆಂದು ಉದ್ದೇಶಪೂರ್ವಕವಾಗಿ ಹೊರಗಿಟ್ಟ ಕಡತಗಳೂ ಇದೇ ಗುಂಪಿಗೆ ಸೇರುತ್ತವೆ.

2. ನಮೂದಾಗಿದ್ದು ಬಳಕೆ ತಪ್ಪಿದ ಕಡತಗಳು: ಇವು ಕಮಿಟ್ ಆಗಿವೆ, ಇಂದಿಗೂ ಫೋಲ್ಡರಿನಲ್ಲಿವೆ, ಆದರೆ ಬೇರೆ ಯಾವ ಕಡತವೂ ಇವುಗಳನ್ನು ಬಳಸುತ್ತಿಲ್ಲವೆಂದು ತೋರುತ್ತದೆ.

3. ಕೊಂಡಿ ಕಳಚಿದ ಕಡತಗಳು: ಶಾಖೆಯೊಂದನ್ನು ಅಳಿಸಿದಾಗ ಅಥವಾ ಕಮಿಟ್ಟನ್ನು ತಿದ್ದಿ ಬರೆದಾಗ ಹಳೆಯ ದಾಖಲೆ ಭಂಡಾರದೊಳಗೆ ಉಳಿಯುತ್ತದೆ. ಆದರೆ ಯಾವ ಹೆಸರಿನಿಂದಲೂ ಅದನ್ನು ತಲುಪಲಾಗುವುದಿಲ್ಲ.

ಇಲ್ಲಿ ಉದ್ದಿಮೆದಾರರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಎರಡನೆಯ ಬಗೆಯ ಕಡತವನ್ನು ತಪ್ಪಾಗಿ ಅಳಿಸಿದರೆ ಇತಿಹಾಸದಿಂದ ಮರಳಿ ಪಡೆಯಬಹುದು. ಮೂರನೆಯ ಬಗೆಯದನ್ನು ಕೆಲವು ವಾರಗಳವರೆಗೆ ಹುಡುಕಿ ತೆಗೆಯಬಹುದು. ಆದರೆ ಮೊದಲನೆಯ ಬಗೆಯ ಕಡತವನ್ನು ಅಳಿಸಿದರೆ ಅದು ಹೋದದ್ದೇ ಸರಿ, ಏಕೆಂದರೆ ಭಂಡಾರಕ್ಕೆ ಅದರ ಪರಿಚಯವೇ ಇಲ್ಲ. ಸಿಬ್ಬಂದಿಯ ಕಣ್ಣಿಗೆ ಕಸವೆಂದು ಮೊದಲು ಬೀಳುವುದು ಮೊದಲನೆಯ ಬಗೆಯದೇ. ಅತ್ಯಂತ ನಿರಪಾಯಕಾರಿ ಎನಿಸುವ ಕೆಲಸವೇ ಅತ್ಯಂತ ಅಪಾಯಕಾರಿಯಾಗಿರುವುದು ಈ ವಿಷಯದ ವೈಶಿಷ್ಟ್ಯ.

ಮೊದಲ ಹೆಜ್ಜೆ: ಪೂರ್ಣ ಪ್ರತಿ

ಯಾವುದನ್ನೂ ಅಳಿಸುವ ಮೊದಲು ಪ್ರತಿ ತೆಗೆದಿಡಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಯಾವ ಪ್ರತಿ ಎಂಬುದು ಮುಖ್ಯ. ಅನೇಕರು ಕ್ಲೋನ್ ಎಂಬ ಆದೇಶದಿಂದ ಸರ್ವರಿನಿಂದ ಇನ್ನೊಂದು ಪ್ರತಿಯನ್ನು ಪಡೆದು ನಿಶ್ಚಿಂತರಾಗುತ್ತಾರೆ. ಜಾಲದ ಮೂಲಕ ಪಡೆದ ಕ್ಲೋನ್ ಪ್ರತಿಯಲ್ಲಿ ಹೆಸರಿನಿಂದ ತಲುಪಬಹುದಾದ ಕಮಿಟ್‌ಗಳು ಮಾತ್ರ ಬರುತ್ತವೆ. ನಮೂದಾಗದ ಕಡತಗಳು ಬರುವುದಿಲ್ಲ, ಕೊಂಡಿ ಕಳಚಿದವೂ ಬರುವುದಿಲ್ಲ. ಅಂದರೆ ಯಾವುದನ್ನು ಅಳಿಸಲು ಹೊರಟಿದ್ದೇವೆಯೋ ಅದೇ ಪ್ರತಿಯಲ್ಲಿ ಇರುವುದಿಲ್ಲ. ಆದುದರಿಂದ ಮರೆಯಾಗಿರುವ ಭಂಡಾರವೂ ಸೇರಿದಂತೆ ಇಡೀ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ಯಥಾವತ್ತಾಗಿ ನಕಲು ಮಾಡಬೇಕು. ನಕಲು ಮಾಡುವಾಗ ಆ ಫೋಲ್ಡರಿನಲ್ಲಿ ಯಾರೂ ಕೆಲಸ ಮಾಡುತ್ತಿರಬಾರದು.

ತೆಗೆದ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ಗಿಟ್ ಎಫ್‌ಎಸ್‌ಸಿಕೆ ಎಂಬ ಪರಿಶೀಲನಾ ಆದೇಶವನ್ನು ನೀಡಿ, ದೋಷವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮರಳಿ ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಪರಿಗಣಿಸುವಂತಿಲ್ಲ.

ಇದಕ್ಕೆ ನಿದರ್ಶನವಾಗಿ ಗಿಟ್‌ಲ್ಯಾಬ್ ಸಂಸ್ಥೆಯು ತಾನೇ ಬಹಿರಂಗವಾಗಿ ಪ್ರಕಟಿಸಿದ ಪ್ರಕರಣವನ್ನು ನೋಡಬಹುದು. ಈ ಸಂಸ್ಥೆಯ ಉದ್ಯೋಗವೇ ಜಗತ್ತಿನ ಅನೇಕರ ಆವೃತ್ತಿ ಭಂಡಾರಗಳನ್ನು ನೋಡಿಕೊಳ್ಳುವುದು. 2017ರ ಜನವರಿ 31ರಂದು ಅಲ್ಲಿನ ತಂತ್ರಜ್ಞರೊಬ್ಬರು ಎರಡನೆಯ ಸರ್ವರಿನಲ್ಲಿದ್ದ ದತ್ತಾಂಶದ ಫೋಲ್ಡರನ್ನು ಅಳಿಸಲು ಹೊರಟು, ಅದೇ ಆದೇಶವನ್ನು ಮುಖ್ಯ ಸರ್ವರಿನಲ್ಲಿ ನೀಡಿದರು. ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ದತ್ತಾಂಶದಲ್ಲಿ ಉಳಿದಿದ್ದುದು ಸುಮಾರು 4.5 ಗಿಗಾಬೈಟ್ ಮಾತ್ರ. ಪ್ರತಿ ತೆಗೆಯಲು ಐದು ಬಗೆಯ ವ್ಯವಸ್ಥೆಗಳಿವೆ ಎಂದು ನಂಬಲಾಗಿತ್ತಾದರೂ ಆ ಸಮಯಕ್ಕೆ ಯಾವುದೂ ಭರವಸೆಗೆ ಅರ್ಹವಾಗಿರಲಿಲ್ಲ. ಅದೃಷ್ಟವಶಾತ್ ಸುಮಾರು 6 ಗಂಟೆಗಳ ಹಿಂದೆ ಬೇರೆ ಕಾರಣಕ್ಕಾಗಿ ಕೈಯಾರೆ ತೆಗೆದಿದ್ದ ಒಂದು ಪ್ರತಿ ನೆರವಿಗೆ ಬಂದಿತು. ಗ್ರಾಹಕರ ಭಂಡಾರಗಳಿಗೆ ಧಕ್ಕೆಯಾಗಲಿಲ್ಲ. ಆದರೆ ಆ 6 ಗಂಟೆಗಳಲ್ಲಿ ದಾಖಲಾಗಿದ್ದ ಟಿಪ್ಪಣಿಗಳು, ಹೊಸ ಖಾತೆಗಳು ಮುಂತಾದವು ಮರಳಿ ಬರಲಿಲ್ಲ. ನುರಿತವರ ಕೈಯಲ್ಲಿಯೂ ಹೀಗಾಗಬಹುದಾದರೆ ಸಣ್ಣ ಘಟಕಗಳು ಎಷ್ಟು ಎಚ್ಚರ ವಹಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮೂದಾಗದ ಕಡತಗಳ ವಿಲೇವಾರಿ

ಗಿಟ್ ಕ್ಲೀನ್ ಎಂಬ ಆದೇಶವು ನಮೂದಾಗದ ಕಡತಗಳನ್ನು ಅಳಿಸುತ್ತದೆ. ಹೀಗೆ ಅಳಿಸಿದ ಕಡತಗಳು ಮರುಬಳಕೆ ಬುಟ್ಟಿಗೆ ಹೋಗುವುದಿಲ್ಲ, ನೇರವಾಗಿ ನಾಶವಾಗುತ್ತವೆ. ಈ ಕಾರಣದಿಂದಲೇ, ಬಲವಂತವನ್ನು ಸೂಚಿಸುವ ಎಫ್ ಎಂಬ ಅಕ್ಷರವನ್ನು ಸೇರಿಸದಿದ್ದರೆ ಸಾಮಾನ್ಯವಾಗಿ ಈ ಆದೇಶ ಕೆಲಸ ಮಾಡಲು ನಿರಾಕರಿಸುತ್ತದೆ.

ಇದರ ಜೊತೆಗೆ ಬಳಸುವ ಅಕ್ಷರಗಳ ಅರ್ಥವನ್ನು ಮಾಲೀಕರೂ ತಿಳಿದಿರುವುದು ಒಳ್ಳೆಯದು. ಎನ್ ಎಂಬ ಅಕ್ಷರ ಸೇರಿಸಿದರೆ ಏನನ್ನೂ ಅಳಿಸದೆ, ಅಳಿಸಬಹುದಾದ ಕಡತಗಳ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ಡಿ ಎಂಬುದು ಫೋಲ್ಡರುಗಳನ್ನೂ ಸೇರಿಸಿಕೊಳ್ಳುತ್ತದೆ. ಐ ಎಂಬುದು ಅಳಿಸುವ ಮೊದಲು ಪ್ರಶ್ನಿಸುತ್ತದೆ. ಎಕ್ಸ್ ಎಂಬುದು ಅತ್ಯಂತ ಅಪಾಯಕಾರಿ. ಭಂಡಾರಕ್ಕೆ ಸೇರಿಸಬಾರದೆಂದು ಪ್ರತ್ಯೇಕ ಪಟ್ಟಿ ಮಾಡಿ ಹೊರಗಿಟ್ಟ ಕಡತಗಳನ್ನೂ ಸಣ್ಣ ಎಕ್ಸ್ ಅಕ್ಷರ ಅಳಿಸಿಬಿಡುತ್ತದೆ. ದೊಡ್ಡ ಎಕ್ಸ್ ಅಕ್ಷರವಾದರೋ ಆ ಹೊರಗಿಟ್ಟ ಕಡತಗಳನ್ನು ಮಾತ್ರವೇ ಅಳಿಸುತ್ತದೆ.

ಹೊರಗಿಟ್ಟ ಕಡತಗಳೆಂದರೆ ಕೆಲಸಕ್ಕೆ ಬಾರದವು ಎಂದು ಭಾವಿಸಬಾರದು. ದತ್ತಸಂಚಯದ ಗುಪ್ತಪದ, ತಂತ್ರಾಂಶದ ಪರವಾನಗಿ, ಯಂತ್ರವೊಂದರ ಹೊಂದಾಣಿಕೆಯ ಅಂಕಿಗಳು ಮುಂತಾದವನ್ನು ಗೋಪ್ಯತೆಯ ದೃಷ್ಟಿಯಿಂದ ಭಂಡಾರದ ಹೊರಗೆ ಇಡುವುದು ಸರಿಯಾದ ಪದ್ಧತಿಯೇ. ಇಂತಹ ಕಡತ ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಒಂದು ಘಟಕದಲ್ಲಿ ಕವಾಟದ ಭಾಗಗಳನ್ನು ತಯಾರಿಸಲಾಗುತ್ತಿದೆ ಎಂದುಕೊಳ್ಳೋಣ. ಅಲ್ಲಿನ ಅಳತೆ ಯಂತ್ರದ ಹೊಂದಾಣಿಕೆಯ ಕಡತ ಹೀಗೆ ಹೊರಗುಳಿದಿದೆ. ಹೊಸದಾಗಿ ಬಂದ ಎಂಜಿನಿಯರ್ ಫೋಲ್ಡರನ್ನು ಶುಚಿಗೊಳಿಸಲು ಎಕ್ಸ್ ಅಕ್ಷರ ಸೇರಿಸಿದ ಆದೇಶ ನೀಡಿದರೆ ಪ್ರೋಗ್ರಾಂಗಳೆಲ್ಲವೂ ಸುರಕ್ಷಿತವಾಗಿರುತ್ತವೆ. ಆದರೆ ಮರುದಿನ ಅಳತೆಗಳು ತಾಳೆಯಾಗುವುದಿಲ್ಲ. ಭಂಡಾರದ ಇಡೀ ಇತಿಹಾಸವನ್ನು ಜಾಲಾಡಿದರೂ ಆ ಕಡತ ದೊರೆಯುವುದಿಲ್ಲ.

ಆದುದರಿಂದ ಈ ಬಗೆಯ ಕಡತಗಳಿಗೆ ಕೆಳಗಿನ ಕ್ರಮ ಸೂಕ್ತ. ಮೊದಲು ಎನ್ ಅಕ್ಷರದಿಂದ ಪಟ್ಟಿ ಪಡೆದು ಮುದ್ರಿಸಬೇಕು. ಸಂಬಂಧಪಟ್ಟ ಯಂತ್ರಚಾಲಕರು, ಲೆಕ್ಕಪತ್ರ ವಿಭಾಗದವರು ಪ್ರತಿಯೊಂದರ ಮುಂದೆ ಬೇಕು ಅಥವಾ ಬೇಡ ಎಂದು ಗುರುತಿಸಬೇಕು. ಬೇಕಾದುದನ್ನು ಕಮಿಟ್ ಮಾಡಬೇಕು. ಗೋಪ್ಯವಾದುದನ್ನು ಬೀಗದ ವ್ಯವಸ್ಥೆಯಿರುವ ಬೇರೆ ಸ್ಥಳದಲ್ಲಿ ಇಡಬೇಕು. ಉಳಿದುದನ್ನು ಕೂಡಲೇ ಅಳಿಸದೆ, ದಿನಾಂಕವುಳ್ಳ ಪ್ರತ್ಯೇಕ ಫೋಲ್ಡರಿಗೆ ಸಾಗಿಸಿ ಒಂದು ತ್ರೈಮಾಸಿಕ ಅವಧಿ ಕಾಯುವುದು ಕ್ಷೇಮ. ಈ ಆದೇಶವು ತಾನು ನಿಂತ ಫೋಲ್ಡರಿನಿಂದ ಕೆಳಕ್ಕೆ ಕೆಲಸ ಮಾಡುತ್ತದೆ. ಹೀಗಾಗಿ ಯಾವ ಯಂತ್ರ, ಯಾವ ಫೋಲ್ಡರ್ ಎಂಬುದನ್ನು ಆದೇಶ ನೀಡುವ ಮೊದಲು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳುವ ಅಭ್ಯಾಸ ಒಳ್ಳೆಯದು.

ಬಳಕೆ ತಪ್ಪಿದ ಕಡತಗಳು

ಎರಡನೆಯ ಬಗೆಯಲ್ಲಿ ಅಳಿಸುವುದು ಸುಲಭ. ಅನಾಥವೇ ಅಲ್ಲವೇ ಎಂದು ನಿರ್ಧರಿಸುವುದು ಕಷ್ಟ. ಕಡತದ ಹೆಸರನ್ನು ಉಳಿದ ಕಡತಗಳಲ್ಲಿ ಹುಡುಕಲು ಗಿಟ್ ಗ್ರೆಪ್ ಎಂಬ ಆದೇಶವಿದೆ. ಎಲ್ಲಿಯೂ ಹೆಸರು ಸಿಗದಿದ್ದರೆ ಅನಾಥವೆಂಬ ಅನುಮಾನ ಬರುತ್ತದೆ. ಆದರೆ ಇದು ಅನುಮಾನವೇ ಹೊರತು ತೀರ್ಮಾನವಲ್ಲ. ಯಂತ್ರಚಾಲಕರು ಪೆನ್‌ಡ್ರೈವಿನಲ್ಲಿ ಕೊಂಡೊಯ್ದು ಯಂತ್ರಕ್ಕೆ ಹಾಕುವ ಪ್ರೋಗ್ರಾಂನ ಹೆಸರನ್ನು ಬೇರೆ ಯಾವ ಕಡತವೂ ಉಲ್ಲೇಖಿಸುವುದಿಲ್ಲ. ಗ್ರಾಹಕರ ಸಂಖ್ಯೆಯನ್ನು ಸೇರಿಸಿ ಹೆಸರನ್ನು ಆ ಕ್ಷಣದಲ್ಲಿಯೇ ರಚಿಸಿಕೊಳ್ಳುವ ತಂತ್ರಾಂಶಗಳೂ ಇವೆ. ಅಲ್ಲಿ ಪೂರ್ಣ ಹೆಸರು ಎಲ್ಲಿಯೂ ಬರೆದಿರುವುದಿಲ್ಲ. ವರ್ಷಕ್ಕೊಮ್ಮೆ ಮಾತ್ರ ನಡೆಯುವ ಲೆಕ್ಕ ಮುಕ್ತಾಯದ ಕೆಲಸಕ್ಕೆ ಬೇಕಾದ ಕಡತ ಹನ್ನೊಂದು ತಿಂಗಳು ಅನಾಥದಂತೆಯೇ ಕಾಣುತ್ತದೆ.

ಕಡತವನ್ನು ಕೊನೆಯ ಸಲ ಬದಲಾಯಿಸಿದ ದಿನಾಂಕವನ್ನು ಕೊನೆಯ ಸಲ ಬಳಸಿದ ದಿನಾಂಕವೆಂದು ತಿಳಿಯುವುದು ಸಾಮಾನ್ಯ ತಪ್ಪು. ಗಿಟ್ ಲಾಗ್ ಆದೇಶ ತೋರಿಸುವುದು ಮೊದಲನೆಯದನ್ನು ಮಾತ್ರ. ಚೆನ್ನಾಗಿ ಕೆಲಸ ಮಾಡುವ ಪ್ರೋಗ್ರಾಂಗೆ ಹತ್ತು ವರ್ಷ ಯಾವ ತಿದ್ದುಪಡಿಯೂ ಬೇಕಾಗದಿರಬಹುದು. ಬಳಕೆಯ ಮಾಹಿತಿ ಇರುವುದು ಭಂಡಾರದಲ್ಲಿ ಅಲ್ಲ. ಜಾಬ್ ಕಾರ್ಡುಗಳಲ್ಲಿ, ಬಿಲ್ಲುಗಳಲ್ಲಿ ಮತ್ತು ಹಳೆಯ ಕೆಲಸಗಾರರ ನೆನಪಿನಲ್ಲಿ.

ಅನಾಥವೆಂದು ಖಚಿತವಾದ ಬಳಿಕ ಗಿಟ್ ಆರ್‌ಎಂ ಆದೇಶದಿಂದ ತೆಗೆದು, ಆ ಕೆಲಸವನ್ನು ಮಾತ್ರವೇ ಒಳಗೊಂಡ ಪ್ರತ್ಯೇಕ ಕಮಿಟ್ ಮಾಡಬೇಕು. ಬೇರೆ ತಿದ್ದುಪಡಿಗಳನ್ನು ಅದರೊಡನೆ ಬೆರೆಸಬಾರದು. ಏತಕ್ಕಾಗಿ ತೆಗೆಯಲಾಯಿತು, ಯಾರ ಒಪ್ಪಿಗೆಯಿದೆ ಎಂಬುದನ್ನು ಕಮಿಟ್ಟಿನ ಟಿಪ್ಪಣಿಯಲ್ಲಿ ಬರೆಯಬೇಕು. ಹೀಗೆ ಮಾಡಿದರೆ ಮುಂದೆ ಬೇಕಾದಾಗ ಗಿಟ್ ರಿವರ್ಟ್ ಎಂಬ ಒಂದೇ ಆದೇಶದಿಂದ ಎಲ್ಲವನ್ನೂ ಮರಳಿ ತರಬಹುದು. ಹೀಗೆ ತೆಗೆದ ಕಡತ ಇತಿಹಾಸದಲ್ಲಿ ಉಳಿದೇ ಇರುವುದರಿಂದ ಭಂಡಾರದ ಗಾತ್ರ ಕಡಿಮೆಯಾಗುವುದಿಲ್ಲ. ಇದನ್ನು ಕೊರತೆಯೆಂದು ಭಾವಿಸದೆ ವಿಮೆಯೆಂದು ಭಾವಿಸುವುದು ಉಚಿತ.

ಕೊಂಡಿ ಕಳಚಿದ ದಾಖಲೆಗಳು

ಮೂರನೆಯ ಬಗೆಯ ವಿಷಯದಲ್ಲಿ ಮಾಲೀಕರು ಮಾಡಬೇಕಾದ ಕೆಲಸ ಬಹಳ ಕಡಿಮೆ. ಗಿಟ್ ತಾನಾಗಿಯೇ ಆಗಾಗ ಶುಚಿಗೊಳಿಸುವ ಕೆಲಸ ನಡೆಸುತ್ತದೆ. ಇದಕ್ಕೆ ಗಿಟ್ ಜಿಸಿ ಎಂದು ಹೆಸರು. ಅದರಲ್ಲಿ ಕೆಲವು ಕಾಯುವ ಅವಧಿಗಳನ್ನು ಮೊದಲೇ ಅಳವಡಿಸಲಾಗಿದೆ. ಶಾಖೆಗಳು ಎಲ್ಲಿಂದ ಎಲ್ಲಿಗೆ ಸರಿದವು ಎಂಬುದನ್ನು ರೆಫ್‌ಲಾಗ್ ಎಂಬ ದಿನಚರಿ ದಾಖಲಿಸುತ್ತದೆ. ಇದರ ನಮೂದುಗಳು ಸಾಮಾನ್ಯವಾಗಿ 90 ದಿನ, ಶಾಖೆಯಿಂದ ತಲುಪಲಾಗದ ಕಮಿಟ್‌ಗಳಿಗೆ ಸಂಬಂಧಿಸಿದ ನಮೂದುಗಳು 30 ದಿನ ಉಳಿಯುತ್ತವೆ. ದಿನಚರಿಯಿಂದಲೂ ಹೊರಬಿದ್ದ ದಾಖಲೆ 2 ವಾರಗಳಿಗಿಂತ ಹಳೆಯದಾಗಿದ್ದರೆ ಮಾತ್ರ ಅಳಿಸಲ್ಪಡುತ್ತದೆ. ಈ ಅವಧಿಯೊಳಗೆ ಗಿಟ್ ಎಫ್‌ಎಸ್‌ಸಿಕೆ ಆದೇಶಕ್ಕೆ ಲಾಸ್ಟ್ ಫೌಂಡ್ ಎಂಬ ಸೂಚನೆಯನ್ನು ಸೇರಿಸಿದರೆ, ಯಾವ ಕೊಂಡಿಗೂ ಸಿಗದ ದಾಖಲೆಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿ ತಂದಿಡುತ್ತದೆ. ಕಡತದ ಒಳಗಿನ ವಿಷಯ ದೊರೆಯುತ್ತದೆ, ಆದರೆ ಅದರ ಮೂಲ ಹೆಸರು ದೊರೆಯದಿರಬಹುದು.

ಜಾಗ ಉಳಿಸುವ ಆತುರದಲ್ಲಿ ಈ ಅವಧಿಗಳನ್ನು ಶೂನ್ಯಕ್ಕೆ ಇಳಿಸಿ ಕೂಡಲೇ ಅಳಿಸುವಂತೆ ಆದೇಶಿಸುವ ಸಲಹೆಗಳು ಸುಲಭವಾಗಿ ಸಿಗುತ್ತವೆ. ಇದರಿಂದ ಸಿಗುವ ಲಾಭ ಸಾಮಾನ್ಯವಾಗಿ ಅಲ್ಪ. ಕಳೆದುಕೊಳ್ಳುವುದು ತಪ್ಪು ತಿದ್ದಿಕೊಳ್ಳುವ ಏಕೈಕ ಅವಕಾಶ. ಅದೇ ಕ್ಷಣದಲ್ಲಿ ಇನ್ನೊಬ್ಬರು ಕಮಿಟ್ ಮಾಡುತ್ತಿದ್ದರೆ, ಇನ್ನೂ ಹೆಸರು ದೊರೆಯದ ಅವರ ಹೊಸ ದಾಖಲೆಯೂ ಅನಾಥವೆಂದು ಅಳಿಸಿಹೋಗಿ ಭಂಡಾರವೇ ಕೆಡಬಹುದು.

ಎರಡು ಸಂದರ್ಭಗಳಲ್ಲಿ ವಿಶೇಷ ಎಚ್ಚರ ಅಗತ್ಯ. ಒಂದು, ಸರ್ವರಿನಲ್ಲಿರುವ ಮೂಲ ಭಂಡಾರದಲ್ಲಿ ಸಾಮಾನ್ಯವಾಗಿ ರೆಫ್‌ಲಾಗ್ ದಿನಚರಿ ಇರುವುದಿಲ್ಲ. ಅಲ್ಲಿ ಶಾಖೆಯನ್ನು ಅಳಿಸಿದರೆ ರಕ್ಷಣೆಯ ಅವಧಿ 2 ವಾರಗಳದು ಮಾತ್ರ, ಅದೂ ದಾಖಲೆ ಹೊಸದಾಗಿದ್ದರೆ. ಎರಡು, ಜಾಗ ಉಳಿಸಲು ಒಂದು ಭಂಡಾರದ ದಾಖಲೆಗಳನ್ನು ಇನ್ನೊಂದು ಭಂಡಾರವು ಎರವಲು ಪಡೆಯುವಂತೆ ಜೋಡಿಸಿದ್ದರೆ, ಮೂಲದಲ್ಲಿ ಅನಾಥವೆಂದು ಅಳಿಸಿದ ದಾಖಲೆಯು ಎರವಲು ಪಡೆದ ಭಂಡಾರಕ್ಕೆ ಅತ್ಯಗತ್ಯವಾಗಿರಬಹುದು. ಪಕ್ಕದ ಅಂಗಡಿಯವರು ನಮ್ಮ ಗೋದಾಮಿನಲ್ಲಿ ಮಾಲು ಇಟ್ಟಿರುವುದನ್ನು ಮರೆತು ಗೋದಾಮು ಖಾಲಿ ಮಾಡಿದಂತೆ ಇದು.

ದೊಡ್ಡ ಕಡತಗಳು ಮತ್ತು ಗುಪ್ತಪದಗಳು

ನಕಾಶೆಗಳು, ಛಾಯಾಚಿತ್ರಗಳು ಮುಂತಾದ ಭಾರಿ ಕಡತಗಳಿಂದ ಭಂಡಾರ ಊದಿಕೊಂಡಿದ್ದರೆ ಮೇಲಿನ ಯಾವ ಕ್ರಮವೂ ಸಾಲದು. ಗಿಟ್‌ಹಬ್ ತಾಣವು 100 ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಸಾಮಾನ್ಯ ರೀತಿಯಲ್ಲಿ ಸ್ವೀಕರಿಸುವುದಿಲ್ಲ. ಇಂತಹವಕ್ಕಾಗಿ ಗಿಟ್ ಎಲ್‌ಎಫ್‌ಎಸ್ ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಇದರಲ್ಲಿ ಭಂಡಾರದೊಳಗೆ ಒಂದು ಚೀಟಿ ಮಾತ್ರ ಇದ್ದು ನಿಜವಾದ ಕಡತ ಬೇರೆಡೆ ಇರುತ್ತದೆ. ಇದರ ಪ್ರೂನ್ ಆದೇಶವು ತಮ್ಮ ಕಂಪ್ಯೂಟರಿನಲ್ಲಿರುವ ಹಳೆಯ ಪ್ರತಿಗಳನ್ನು ಅಳಿಸುತ್ತದೆ, ಸರ್ವರಿನಲ್ಲಿರುವುದನ್ನು ಮುಟ್ಟುವುದಿಲ್ಲ. ಇಲ್ಲಿಯೂ ಮೊದಲು ಡ್ರೈ ರನ್ ಸೂಚನೆಯಿಂದ ಪಟ್ಟಿ ನೋಡಬೇಕು, ಬಳಿಕ ವೆರಿಫೈ ರಿಮೋಟ್ ಸೂಚನೆಯಿಂದ ಸರ್ವರಿನಲ್ಲಿ ಪ್ರತಿ ಇದೆಯೆಂದು ತಾಳೆ ನೋಡಿಯೇ ಅಳಿಸಬೇಕು.

ಬ್ಯಾಂಕ್ ಖಾತೆಯ ಅಥವಾ ಸರ್ವರಿನ ಗುಪ್ತಪದವಿರುವ ಕಡತ ತಪ್ಪಾಗಿ ಕಮಿಟ್ ಆಗಿದ್ದರೆ ಅದನ್ನು ಅಳಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ; ಇತಿಹಾಸದಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಮೊದಲು ಗುಪ್ತಪದವನ್ನು ಬದಲಾಯಿಸಬೇಕು. ಇತಿಹಾಸವನ್ನು ತಿದ್ದುವುದು ಆನಂತರದ ಕೆಲಸ. ಇದಕ್ಕೆ ಗಿಟ್ ಫಿಲ್ಟರ್ ರೆಪೊ ಎಂಬ ಸಾಧನವಿದೆ. ತಿದ್ದಿದ ಸ್ಥಳದಿಂದ ಮುಂದಿನ ಪ್ರತಿಯೊಂದು ಕಮಿಟ್ಟಿನ ಗುರುತು ಬದಲಾಗುವುದರಿಂದ ಎಲ್ಲ ಸಿಬ್ಬಂದಿಯೂ ಹಳೆಯ ಪ್ರತಿಯನ್ನು ಬಿಟ್ಟು ಹೊಸ ಪ್ರತಿ ಪಡೆಯಬೇಕು. ಒಬ್ಬರು ಹಳೆಯ ಪ್ರತಿಯಿಂದ ಕೆಲಸ ಮುಂದುವರಿಸಿದರೂ ತೆಗೆದ ಕಡತ ಮರಳಿ ಬರುತ್ತದೆ. ಇದು ತಜ್ಞರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕಾದ ಕೆಲಸ.

ಸಬ್‌ವರ್ಷನ್ ಬಳಸುವವರಿಗೆ

ಸಬ್‌ವರ್ಷನ್ ಬಳಸುವ ಘಟಕಗಳಿಗೂ ಮೇಲಿನ ತತ್ವವೇ ಅನ್ವಯಿಸುತ್ತದೆ. ಸ್ಥಿತಿಯನ್ನು ತೋರಿಸುವ ಆದೇಶ ನೀಡಿದಾಗ ನಮೂದಾಗದ ಕಡತಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. 1.9ನೆಯ ಆವೃತ್ತಿಯಿಂದ ಇವುಗಳನ್ನು ಒಟ್ಟಿಗೆ ಅಳಿಸುವ ಸೌಲಭ್ಯ ಕ್ಲೀನಪ್ ಆದೇಶದಲ್ಲಿದೆ. ಗಿಟ್ ಕ್ಲೀನ್ ಆದೇಶಕ್ಕೆ ಹೇಳಿದ ಎಚ್ಚರಿಕೆಯೆಲ್ಲವೂ ಇದಕ್ಕೂ ಬೇಕು. ನಮೂದಾದ ಕಡತವನ್ನು ಅಳಿಸಿದರೂ ಹಳೆಯ ಆವೃತ್ತಿಗಳು ಸರ್ವರಿನಲ್ಲಿ ಉಳಿಯುತ್ತವೆ. ಅರ್ಧಕ್ಕೆ ನಿಂತ ಕಮಿಟ್‌ಗಳ ಅವಶೇಷಗಳನ್ನು ಪಟ್ಟಿ ಮಾಡಿ ತೆಗೆಯಲು ಆಡಳಿತಗಾರರಿಗೆ ಪ್ರತ್ಯೇಕ ಆದೇಶಗಳಿವೆ. ಪಟ್ಟಿಯಲ್ಲಿರುವುದು ಆ ಕ್ಷಣದಲ್ಲಿ ಯಾರೋ ಮಾಡುತ್ತಿರುವ ಕಮಿಟ್ ಕೂಡ ಆಗಿರಬಹುದಾದ್ದರಿಂದ, ಯಾರೂ ಕೆಲಸ ಮಾಡದ ವೇಳೆಯಲ್ಲಿ ಮಾತ್ರ ಅವುಗಳನ್ನು ತೆಗೆಯಬೇಕು.

ಕಾನೂನಿನ ದೃಷ್ಟಿ

ಲೆಕ್ಕಪತ್ರಗಳಿಗೆ ಸಂಬಂಧಿಸಿದ ಕಡತಗಳು ಭಂಡಾರದಲ್ಲಿದ್ದರೆ ಅನಾಥವೇ ಅಲ್ಲವೇ ಎಂಬುದಕ್ಕಿಂತ ಇಟ್ಟುಕೊಳ್ಳಬೇಕಾದ ಅವಧಿ ಮುಗಿದಿದೆಯೇ ಎಂಬ ಪ್ರಶ್ನೆ ಮೊದಲು ಬರುತ್ತದೆ. 2013ರ ಕಂಪನಿ ಕಾಯಿದೆಯ 128ನೆಯ ಕಲಮಿನ ಪ್ರಕಾರ ಕಂಪನಿಗಳು ತಮ್ಮ ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಹಣಕಾಸು ವರ್ಷಗಳವರೆಗೆ ಇಡಬೇಕು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೆಯ ಕಲಮಿನಂತೆ, ವಾರ್ಷಿಕ ವಿವರಣಪಟ್ಟಿ ಸಲ್ಲಿಸಲು ನಿಗದಿಯಾದ ಕೊನೆಯ ದಿನದಿಂದ 72 ತಿಂಗಳವರೆಗೆ ದಾಖಲೆಗಳನ್ನು ಉಳಿಸಿಕೊಳ್ಳಬೇಕು. ಮೇಲ್ಮನವಿ ಅಥವಾ ತನಿಖೆ ಬಾಕಿ ಇದ್ದರೆ ಅವಧಿ ಇನ್ನೂ ದೀರ್ಘವಾಗಬಹುದು. ದಾಖಲೆಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟಿದ್ದರೆ ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ವಿವರವನ್ನೂ ಇಡಬೇಕೆಂದು ಅದೇ ತೆರಿಗೆಯ ನಿಯಮಗಳು ವಿಧಿಸುತ್ತವೆ.

ವಾಹನಗಳ ಬಿಡಿಭಾಗ ತಯಾರಿಸುವವರಿಗೆ ಅನ್ವಯಿಸುವ ಐಎಟಿಎಫ್ 16949 ಗುಣಮಟ್ಟ ಮಾನದಂಡವು, ಗ್ರಾಹಕರು ಬೇರೆ ಅವಧಿ ಸೂಚಿಸದಿದ್ದಲ್ಲಿ, ಉಪಕರಣಗಳ ಮತ್ತು ವಿನ್ಯಾಸದ ದಾಖಲೆಗಳನ್ನು ಆ ಭಾಗದ ಉತ್ಪಾದನೆ ಹಾಗೂ ಸೇವೆಯ ಅವಧಿ ಮುಗಿದ ಮೇಲೆ ಇನ್ನೂ ಒಂದು ಕ್ಯಾಲೆಂಡರ್ ವರ್ಷ ಇಡಬೇಕೆನ್ನುತ್ತದೆ. ಆದ್ದರಿಂದ ತಾಂತ್ರಿಕವಾಗಿ ಅನಾಥವಾದ ಕಡತವನ್ನೂ ತಮ್ಮ ಲೆಕ್ಕಪರಿಶೋಧಕರ ಹಾಗೂ ಗುಣಮಟ್ಟ ವಿಭಾಗದ ಮಾತು ಕೇಳದೆ ತೆಗೆಯಬಾರದು.

ಅನುಸರಿಸಬೇಕಾದ ಕ್ರಮಪಟ್ಟಿ

ಮೇಲಿನ ವಿವರಗಳನ್ನು ಕ್ರೋಡೀಕರಿಸಿ ಕೆಳಗಿನ ಪಟ್ಟಿಯನ್ನು ಕಚೇರಿಯಲ್ಲಿ ಅಂಟಿಸಿಕೊಳ್ಳಬಹುದು.

1. ಶುಚಿಗೊಳಿಸುವ ದಿನವನ್ನು ಮೊದಲೇ ಗೊತ್ತುಪಡಿಸಿ, ಎಲ್ಲರೂ ಬಾಕಿ ಕೆಲಸವನ್ನು ಕಮಿಟ್ ಮಾಡಿ ಸರ್ವರಿಗೆ ಕಳುಹಿಸುವಂತೆ ತಿಳಿಸುವುದು.
2. ಇಡೀ ಫೋಲ್ಡರಿನ ಪೂರ್ಣ ಪ್ರತಿ ತೆಗೆದು, ಬೇರೆ ಯಂತ್ರದಲ್ಲಿ ತೆರೆದು ನೋಡುವುದು.
3. ಪ್ರತಿಯೊಂದು ಕಡತ ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರಿದೆ ಎಂದು ವಿಂಗಡಿಸುವುದು.
4. ಅಳಿಸುವ ಮೊದಲು ಪಟ್ಟಿ ಮುದ್ರಿಸಿ ಬಳಕೆದಾರರಿಂದ ರುಜು ಪಡೆಯುವುದು. ಆದೇಶ ನೀಡುವವರು ಮತ್ತು ಒಪ್ಪಿಗೆ ನೀಡುವವರು ಬೇರೆ ಬೇರೆಯಾಗಿರುವುದು.
5. ನಮೂದಾಗದ ಕಡತಗಳನ್ನು ಅಳಿಸದೆ ಮೊದಲು ಪ್ರತ್ಯೇಕ ಫೋಲ್ಡರಿಗೆ ಸಾಗಿಸುವುದು. ಎಕ್ಸ್ ಅಕ್ಷರವನ್ನು ಬಳಸದಿರುವುದು.
6. ಬಳಕೆ ತಪ್ಪಿದ ಕಡತಗಳನ್ನು ಪ್ರತ್ಯೇಕ ಕಮಿಟ್ಟಿನಲ್ಲಿ, ಕಾರಣ ಬರೆದು ತೆಗೆಯುವುದು.
7. ಕೊಂಡಿ ಕಳಚಿದ ದಾಖಲೆಗಳನ್ನು ಗಿಟ್ಟಿನ ಸಹಜ ಅವಧಿಗೆ ಬಿಟ್ಟುಬಿಡುವುದು.
8. ಕೆಲಸ ಮುಗಿದ ಬಳಿಕ ಒಂದು ಪೂರ್ಣ ಲೆಕ್ಕ ಮುಕ್ತಾಯದ ಚಕ್ರ ಕಳೆಯುವವರೆಗೆ ಮೊದಲಿನ ಪೂರ್ಣ ಪ್ರತಿಯನ್ನು ಉಳಿಸಿಕೊಳ್ಳುವುದು.

ಇವುಗಳನ್ನು ನಿಜವಾದ ಭಂಡಾರದ ಮೇಲೆ ಪ್ರಯೋಗಿಸುವ ಮೊದಲು, ಪ್ರತಿಯೊಂದರ ಮೇಲೆ ಒಮ್ಮೆ ಅಭ್ಯಾಸ ಮಾಡುವಂತೆ ಸಿಬ್ಬಂದಿಗೆ ಸೂಚಿಸಬೇಕು. ಬೇಕೆಂದೇ ಒಂದು ಕಡತವನ್ನು ಅಳಿಸಿ, ಅದನ್ನು ಮರಳಿ ತರಲು ಎಷ್ಟು ಸಮಯ ಬೇಕಾಯಿತು ಎಂದು ನೋಡಬೇಕು. ಮರಳಿ ತರಲು ಬಾರದವರಿಗೆ ಅಳಿಸುವ ಅಧಿಕಾರ ಕೊಡಬಾರದು.

ಡಿಸ್ಕಿನ ಬೆಲೆಗೆ ಹೋಲಿಸಿದರೆ ಕಳೆದುಹೋದ ಒಂದು ಪ್ರೋಗ್ರಾಂ ಅಥವಾ ನಕಾಶೆಯನ್ನು ಮತ್ತೆ ಸಿದ್ಧಪಡಿಸುವ ವೆಚ್ಚ ಬಹಳ ಹೆಚ್ಚು. ಒಪ್ಪಿಕೊಂಡ ದಿನಕ್ಕೆ ಮಾಲು ಕೊಡಲಾಗದೆ ಕಳೆದುಕೊಳ್ಳುವ ಗ್ರಾಹಕರ ವಿಶ್ವಾಸದ ಬೆಲೆ ಇನ್ನೂ ಹೆಚ್ಚು. ಯಾರಿಗೂ ಬೇಡವೆಂದು ಕಾಣುವ ಕಡತವನ್ನು ಅಳಿಸುವ ಮುನ್ನ, ಇದು ಬೇರೆ ಎಲ್ಲಿ ಉಳಿದಿದೆ ಎಂಬ ಪ್ರಶ್ನೆಯನ್ನು ಉದ್ದಿಮೆದಾರರು ತಪ್ಪದೆ ಕೇಳಬೇಕು. ಖಚಿತವಾದ ಉತ್ತರ ದೊರೆಯುವವರೆಗೆ ಆ ಕಡತ ಇದ್ದಲ್ಲಿಯೇ ಇರಲಿ.